ತುತಿಯೂರಿನ ಐದಾರು ಸೆಂಟು ಜಾಗ

ಕಾಕ್ಕನಾಡ್ ಅಂದರೆ ನಮ್ಮವರಿಗೆ ಇನ್ಫೋಪಾರ್ಕ್. ಬೆಂಗಳೂರಿನಿಂದ ವರ್ಗವಾಗಿ ಬಂದವರು, ಮಂಗಳೂರಿನಿಂದ ಕೆಲಸ ಹುಡುಕಿ ಬಂದವರು, ಕಾಸರಗೋಡಿನ ಕನ್ನಡದವರು, ಎಲ್ಲರೂ ಇಲ್ಲಿ ಬಾಡಿಗೆ ಫ್ಲ್ಯಾಟು ಹಿಡಿದು, ಸೀಪೋರ್ಟ್-ಏರ್‌ಪೋರ್ಟ್ ರಸ್ತೆಯ ಟ್ರಾಫಿಕ್ಕಿಗೆ ಬೈಯುತ್ತಾ ದಿನ ಕಳೆಯುತ್ತೇವೆ. ಎರ್ನಾಕುಲಂ ಜಿಲ್ಲೆಯ ಕಲೆಕ್ಟರ್ ಕಚೇರಿಯೂ ಇಲ್ಲೇ ಇದೆ. ಹಾಗಾಗಿ ಜಿಲ್ಲೆಯ ಯಾವ ಮೂಲೆಯ ಜಗಳವಾದರೂ ಒಂದಲ್ಲ ಒಂದು ದಿನ ನಮ್ಮ ಆಫೀಸಿನ ಹಾದಿಗೆ ಬಂದು ನಿಲ್ಲುತ್ತದೆ. ಕೆಂಪು, ಮೂರು ಬಣ್ಣ, ಹಸಿರು, ಕೇಸರಿ ಬಾವುಟಗಳು, ಮೈಕು, ನೀಲಿ ಬಣ್ಣದ ಪೊಲೀಸ್ ಬಸ್ಸು. ನಮ್ಮ ಫ್ಲ್ಯಾಟಿನ ವಾಟ್ಸಾಪ್ ಗುಂಪಿನಲ್ಲಿ ಅವತ್ತು ಬೆಳಿಗ್ಗೆಯೇ ಸಂದೇಶ ಬರುತ್ತದೆ: 'ಸಿವಿಲ್ ಸ್ಟೇಷನ್ ಮುಂದೆ ಸಮರ, ಬೇರೆ ದಾರಿ ನೋಡಿ.' ಮಲಯಾಳದಲ್ಲಿ ಸಮರ ಅಂದರೆ ಯುದ್ಧವಲ್ಲ, ಮುಷ್ಕರ, ಧರಣಿ. ಬಂದ ಹೊಸದರಲ್ಲಿ ಆ ಪದ ನೋಡಿ ಗಾಬರಿಯಾಗಿತ್ತು.

ಈ ಕಲೆಕ್ಟರ್ ಕಚೇರಿಗೆ ಹದಿನೆಂಟು ವರ್ಷಗಳಿಂದ ಅಲೆಯುತ್ತಿರುವ ಜನರಿದ್ದಾರೆ. ಅವರಲ್ಲಿ ಕೆಲವರಿಗೆ ಸರ್ಕಾರ ಕೊಟ್ಟ ಜಾಗ ಇರುವುದು ಕಾಕ್ಕನಾಡಿನ ಬೆನ್ನಿಗೇ ಅಂಟಿದ ತುತಿಯೂರಿನಲ್ಲಿ. ಇನ್ಫೋಪಾರ್ಕಿನ ಎಷ್ಟೋ ಜನ ವೇಲಾಂಕಣ್ಣಿ ಮಾತೆಯ ಇಗರ್ಜಿ ನೋಡಲು ತುತಿಯೂರಿಗೆ ಹೋಗುತ್ತಾರೆ. ಅದರಾಚೆಯ ಜೌಗಿನ ಕಡೆ ಹೋಗುವವರು ಕಡಿಮೆ.

ಕಥೆ ಶುರುವಾಗುವುದು ಇಲ್ಲಲ್ಲ, ಕೊಚ್ಚಿಯ ಹಿನ್ನೀರಿನ ದ್ವೀಪಗಳಲ್ಲಿ. ವಲ್ಲಾರ್‌ಪಾಡಂ ಎಂಬ ದ್ವೀಪದಲ್ಲಿ ದೊಡ್ಡ ಕಂಟೇನರ್ ಟರ್ಮಿನಲ್ ಬರಬೇಕಿತ್ತು. ಕೊಲಂಬೊದಲ್ಲಿ ಇಳಿಸಿ ಸಣ್ಣ ಹಡಗಿಗೆ ಹತ್ತಿಸುವ ಸರಕನ್ನು ಇನ್ನು ನಾವೇ ಇಳಿಸಿಕೊಳ್ಳುತ್ತೇವೆ ಎಂಬ ಲೆಕ್ಕ. ಟರ್ಮಿನಲ್ಲಿಗೆ ಕಳಮಶ್ಶೇರಿಯಿಂದ ಹದಿನೇಳು ಕಿಲೋಮೀಟರಿನ ಹೆದ್ದಾರಿ ಬೇಕು, ಇಡಪ್ಪಳ್ಳಿಯಿಂದ ರೈಲು ಬೇಕು. ಆ ದಾರಿಯಲ್ಲಿದ್ದದ್ದು ಮೂಲಂಪಿಳ್ಳಿ, ಕೋತಾಡ್, ಚೇರಾನಲ್ಲೂರ್, ವಡುದಲ, ಮುಳವುಕಾಡ್ ಮೊದಲಾದ ಊರುಗಳ ಮನೆಗಳು. ಮೀನು ಹಿಡಿಯುವವರು, ಕೂಲಿ ಮಾಡುವವರು, ಸಣ್ಣಪುಟ್ಟ ನೌಕರಿಯವರು. 2008ರ ಫೆಬ್ರವರಿ 6ರಂದು ಮೂಲಂಪಿಳ್ಳಿಗೆ ಪೊಲೀಸರೂ ಬುಲ್ಡೋಜರುಗಳೂ ಒಟ್ಟಿಗೆ ಬಂದವು. ಜನ ಒಳಗಿದ್ದಂತೆಯೇ ಎಳೆದು ಹೊರಗೆ ಹಾಕಿ ಮನೆ ಕೆಡವಿದರು. ಆ ಯೋಜನೆಗೆ ಒಟ್ಟು 316 ಕುಟುಂಬಗಳು ನೆಲೆ ಕಳೆದುಕೊಂಡವು.

ಆಗ ಮುಖ್ಯಮಂತ್ರಿ ವಿ.ಎಸ್. ಅಚ್ಯುತಾನಂದನ್. ಅದರ ಹಿಂದಿನ ವರ್ಷವಷ್ಟೇ ಮುನ್ನಾರಿನಲ್ಲಿ ಒತ್ತುವರಿ ಮಾಡಿ ಕಟ್ಟಿದ ರೆಸಾರ್ಟುಗಳ ಮೇಲೆ ಜೆಸಿಬಿ ಹರಿಸಿ ಇಡೀ ಕೇರಳದ ಚಪ್ಪಾಳೆ ಗಿಟ್ಟಿಸಿದ್ದವರು. ಅದೇ ಯಂತ್ರ ಮೂಲಂಪಿಳ್ಳಿಯ ಹಂಚಿನ ಮನೆಗಳ ಮೇಲೂ ಹೋಯಿತು. ನಗರದ ನಡುವೆ ಜನ ಟೆಂಟು ಹಾಕಿ ಕೂತರು, ಬರಹಗಾರರೂ ಹೋರಾಟಗಾರರೂ ಬಂದು ಸೇರಿದರು, ಪತ್ರಿಕೆಗಳು ಬರೆದವು. ಮಾರ್ಚ್ 19ರಂದು ಸರ್ಕಾರ ಪುನರ್ವಸತಿ ಪ್ಯಾಕೇಜು ಹೊರಡಿಸಿತು. ಕಾಗದದ ಮೇಲೆ ಓದಿದರೆ ಒಳ್ಳೆಯ ಪ್ಯಾಕೇಜು. ಪ್ರತಿ ಕುಟುಂಬಕ್ಕೂ ಜಾಗ, ಮನೆಯಾಗುವ ತನಕ ತಿಂಗಳಿಗೆ 5,000 ರೂಪಾಯಿ ಬಾಡಿಗೆ, ಮನೆಗೊಬ್ಬರಿಗೆ ಯೋಜನೆಯಲ್ಲಿ ಕೆಲಸ, ಜೌಗು ನೆಲವಾದರೆ ಪೈಲಿಂಗ್ ಮಾಡಿಸಲು ಪ್ರತ್ಯೇಕ ದುಡ್ಡು.

ಜಾಗ ಕೊಟ್ಟದ್ದು ಏಳು ಕಡೆ. ಅವುಗಳಲ್ಲಿ ತುತಿಯೂರೂ ಒಂದು.

ಒಂದು ಭಾನುವಾರ ಸಂಜೆ ನಾನೂ ಬದಿಯಡ್ಕದ ಗೆಳತಿಯೂ ಅಲ್ಲಿಗೆ ನಡೆದು ಹೋದೆವು. ಅವಳು ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತುಳು, ಶಾಲೆಯಾಚೆ ಮಲಯಾಳ ಕಲಿತು ಬೆಳೆದವಳು. ಅವಳಿಲ್ಲದೆ ಹೋಗಿದ್ದರೆ ನನ್ನ ಅರೆಬರೆ ಮಲಯಾಳ ಹತ್ತು ನಿಮಿಷಕ್ಕೆ ಮುಗಿದು ಹೋಗುತ್ತಿತ್ತು. ಕೆಮ್ಮಣ್ಣು ತುಂಬಿಸಿದ ನೆಲ, ಅದರ ಮೇಲೆ ಆಳೆತ್ತರ ಹುಲ್ಲು, ನಡುವೆ ಗಡಿಕಲ್ಲುಗಳು. ಅಲ್ಲೊಂದು ಇಲ್ಲೊಂದು ಮನೆ. ಇಲ್ಲಿ ಜಾಗವನ್ನು ಸೆಂಟಿನಲ್ಲಿ ಅಳೆಯುತ್ತಾರೆ. ಸೆಂಟು ಎಂದರೆ ಎಕರೆಯ ನೂರರಲ್ಲಿ ಒಂದು ಪಾಲು. ನಮ್ಮ ಮೂವತ್ತು-ನಲವತ್ತರ ಸೈಟು ಹೆಚ್ಚುಕಡಿಮೆ ಎರಡೂಮುಕ್ಕಾಲು ಸೆಂಟು. ಇವರಿಗೆ ಕೊಟ್ಟದ್ದು ಐದಾರು ಸೆಂಟು. ಅಂದರೆ ಬೆಂಗಳೂರಿನ ಲೆಕ್ಕದಲ್ಲಿ ಎರಡು ಸೈಟು, ಅದೂ ಐಟಿ ಪಾರ್ಕಿನ ಪಕ್ಕ! ಕೇಳಿದವರು ಅದೃಷ್ಟವಂತರು ಅಂದುಕೊಳ್ಳಬೇಕು. ಆದರೆ ಇಲ್ಲಿ ಕಟ್ಟಿದ ಮನೆಗಳಲ್ಲಿ ಕೆಲವು ವಾಲಿದವು, ಕೆಲವು ಬಿರುಕು ಬಿಟ್ಟವು. ತುಂಬಿಸಿದ ಮಣ್ಣಿನ ಕೆಳಗೆ ಕೆಸರು. ಗಟ್ಟಿ ನೆಲ ಸಿಗುವ ತನಕ ಪೈಲಿಂಗ್ ಇಳಿಸಲು ಹೋದರೆ ಪ್ಯಾಕೇಜಿನ ದುಡ್ಡು ಮಣ್ಣಿನೊಳಗೇ ಮುಗಿಯುತ್ತದೆ. ಕೊಟ್ಟ ಪಟ್ಟಾದಲ್ಲಿ 25 ವರ್ಷ ಮಾರುವಂತಿಲ್ಲ ಎಂಬ ಷರತ್ತು ಬೇರೆ ಇತ್ತು. ಅಂಥ ಕಾಗದ ಹಿಡಿದು ಬ್ಯಾಂಕಿಗೆ ಹೋದರೆ ಸಾಲ ಎಲ್ಲಿ ಹುಟ್ಟುತ್ತದೆ? ಹತ್ತಾರು ವರ್ಷ ಕಳೆದ ಮೇಲೂ 316ರಲ್ಲಿ ಮನೆ ಕಟ್ಟಿಕೊಂಡವರು ಐವತ್ತು ಚಿಲ್ಲರೆ ಕುಟುಂಬಗಳು. ಉಳಿದವರು ಬಾಡಿಗೆ ಮನೆ, ನೆಂಟರ ಮನೆ, ತಗಡಿನ ಶೆಡ್ಡು. ಕಾಯುತ್ತಾ ಕಾಯುತ್ತಾ ಹಲವು ಹಿರಿಯರು ತೀರಿಕೊಂಡರು.

ಅಲ್ಲಿದ್ದ ಒಬ್ಬ ಚೇಚಿಯನ್ನು ಮಾತಾಡಿಸಿದೆವು. ಮೊದಲು ನಮ್ಮನ್ನು ಜಾಗ ನೋಡಲು ಬಂದ ಗಿರಾಕಿಗಳೆಂದುಕೊಂಡರು. ಅಲ್ಲವೆಂದು ತಿಳಿದ ಮೇಲೆ ಮಾತು ಬಂತು. ಅವರು ಹೇಳಿದ್ದರಲ್ಲಿ ಪೊಲೀಸರ ಹೊಡೆತದ ವಿಷಯ ಕಡಿಮೆ. ಹೆಚ್ಚಾಗಿದ್ದದ್ದು ಆಮೇಲಿನ ಕಥೆ: ಯಾವ ವರ್ಷ ಯಾವ ಕಲೆಕ್ಟರು, ಯಾವ ಮೀಟಿಂಗು, ಯಾವ ಕಾಗದ ಯಾವ ಸೆಕ್ಷನ್ನಿನಲ್ಲಿ ಸಿಕ್ಕಿಕೊಂಡಿತು. 'ಪೊಲೀಸರು ಬಂದದ್ದು ಒಂದೇ ಬೆಳಿಗ್ಗೆ. ಹೇಳಿದ ದಿನಕ್ಕೇ ಬಂದರು. ಉಳಿದ ಯಾರೂ ಹೇಳಿದ ದಿನ ಬರಲಿಲ್ಲ,' ಅಂದರು. ದನಿ ಎತ್ತಿ ಹೇಳಲಿಲ್ಲ. ಒಣಗಲು ಹಾಕಿದ ಬಟ್ಟೆ ಮಡಚುತ್ತಾ ಹೇಳಿದರು.

ಒಕ್ಕಲೆಬ್ಬಿಸುವುದಕ್ಕೆ ಮಲಯಾಳದಲ್ಲಿ 'ಕುಡಿಯೊಳಿಪ್ಪಿಕ್ಕಲ್' ಅನ್ನುತ್ತಾರೆ. ಕುಡಿ ಅಂದರೆ ವಾಸ, ಮನೆ. ನಮ್ಮ 'ಒಕ್ಕಲು' ಇದ್ದ ಹಾಗೆಯೇ. ಆ ಪದ ಕೇಳಿದಾಗಲೆಲ್ಲ ನನ್ನ ತಲೆಯಲ್ಲಿ ಬೇರೆ ಪದ ಓಡುತ್ತದೆ. ನಾನು ಸಾಗರದ ಕಡೆಯವಳು. ನಮ್ಮಲ್ಲಿ ಅದಕ್ಕೆ 'ಮುಳುಗಡೆ' ಅಂತಾರೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಯಿತು, ಶರಾವತಿ ನಿಂತಳು, ಅಜ್ಜಿಯ ತವರು ನೀರಿನಡಿ ಹೋಯಿತು. ಆ ಕರೆಂಟಿನಲ್ಲಿ ಬೆಂಗಳೂರು ಬೆಳೆಯಿತು. ಮುಳುಗಡೆಯವರನ್ನು ಲಾರಿಯಲ್ಲಿ ತುಂಬಿಸಿ ಕಾಡಿನಲ್ಲಿ ಇಳಿಸಿದರು. ಅರವತ್ತು ವರ್ಷ ದಾಟಿದ ಮೇಲೂ ಅವರ ಮೊಮ್ಮಕ್ಕಳು ಶಿವಮೊಗ್ಗದಲ್ಲಿ ಹಕ್ಕುಪತ್ರ ಕೊಡಿ ಎಂದು ಮೆರವಣಿಗೆ ಮಾಡುತ್ತಾರೆ, ಪ್ರತಿ ಚುನಾವಣೆಯಲ್ಲೂ ಭರವಸೆ ಕೇಳುತ್ತಾರೆ. ಅಜ್ಜಿಗೆ ಸಿಟ್ಟಿದ್ದದ್ದು ಅಣೆಕಟ್ಟಿನ ಮೇಲಲ್ಲ. 'ಕರೆಂಟು ಬೇಡ ಅಂದವರು ಯಾರು? ನಮ್ಮನ್ನ ಲೆಕ್ಕಕ್ಕೆ ಹಿಡೀಲಿಲ್ಲ, ಅಷ್ಟೆ' ಅನ್ನುತ್ತಿದ್ದಳು. ತುತಿಯೂರಿನ ಚೇಚಿಯೂ ಟರ್ಮಿನಲ್ ಬೇಡ ಅನ್ನಲಿಲ್ಲ.

ಅದು ಬಂತು ಕೂಡ. 2011ರ ಫೆಬ್ರವರಿ 11ರಂದು ಪ್ರಧಾನಿ ಮನಮೋಹನ್ ಸಿಂಗ್ ಉದ್ಘಾಟಿಸಿದರು. 4.62 ಕಿಲೋಮೀಟರಿನ ರೈಲು ಸೇತುವೆ ಅದಕ್ಕೂ ಮೊದಲೇ ಸಿದ್ಧವಾಗಿತ್ತು. ಅಸ್ಸಾಮಿನ ಬೋಗಿಬೀಲ್ ಸೇತುವೆ 2018ರಲ್ಲಿ ಬರುವ ತನಕ ದೇಶದಲ್ಲೇ ಉದ್ದದ್ದು ಅದು. ಅದರ ಮೇಲೆ ರೈಲು ಓಡುವುದು ಅಪರೂಪ. ಕಂಟೇನರ್ ರಸ್ತೆಯಂತೂ ನಮಗೆಲ್ಲ ಗೊತ್ತಿರುವುದೇ. ಮಂಗಳೂರಿನ ಕಡೆ ಕಾರು ತಿರುಗಿಸಿದವರು ಚೇರಾನಲ್ಲೂರಿನ ಸಿಗ್ನಲ್ಲಿನಲ್ಲಿ ಅದನ್ನು ದಾಟಿಯೇ ಹೋಗಬೇಕು. ಸಾಲಾಗಿ ನಿಂತ ಲಾರಿಗಳ ನಡುವೆ ಎಡಕ್ಕೆ ನೋಡಿದರೆ ಹಿನ್ನೀರು ಕಾಣುತ್ತದೆ, ಅದರಾಚೆ ಮೂಲಂಪಿಳ್ಳಿ.

ಇಷ್ಟು ಹಳೆಯ ವಿಷಯ ಈಗೇಕೆ ಅಂತ ಕೇಳಬಹುದು. ಏಕೆಂದರೆ 2022ರಲ್ಲಿ ಕಾಕ್ಕನಾಡಿನ ಜನ ತಮ್ಮ ಊರಿನ ಬಗ್ಗೆ ಮಾತಾಡಿದ್ದೆಲ್ಲ ಮೂಲಂಪಿಳ್ಳಿಯ ನೆನಪಿನಲ್ಲೇ. ಆ ವರ್ಷ ಸಿಲ್ವರ್‌ಲೈನ್ ಗಲಾಟೆ. ತಿರುವನಂತಪುರದಿಂದ ಕಾಸರಗೋಡಿಗೆ 529 ಕಿಲೋಮೀಟರ್ ಅರೆವೇಗದ ರೈಲು, 63,941 ಕೋಟಿ ರೂಪಾಯಿ, ನಾಲ್ಕು ಗಂಟೆಯ ಪ್ರಯಾಣ. ಎರ್ನಾಕುಲಂ ನಿಲ್ದಾಣ ಕಾಕ್ಕನಾಡಿನಲ್ಲಿ! ನಮ್ಮ ಆಫೀಸಿನ ಕಾಸರಗೋಡಿನವರೆಲ್ಲ ಆ ದಿನ ಹಬ್ಬ ಮಾಡಿದ್ದರು. ಶುಕ್ರವಾರ ಸಂಜೆ ಲ್ಯಾಪ್‌ಟಾಪ್ ಮುಚ್ಚಿ ಹೊರಟರೆ ರಾತ್ರಿ ಊಟಕ್ಕೆ ಮನೆ. ನನ್ನ ಗೆಳತಿಗೂ ಆಸೆಯೇ. ಈಗಿನ ರೈಲಿನಲ್ಲಿ ಅವಳು ಊರಿಗೆ ಮುಟ್ಟುವಾಗ ಅರ್ಧ ಶನಿವಾರ ಹೋಗಿರುತ್ತದೆ.

ಆದರೆ ರೈಲಿಗಿಂತ ಮೊದಲು ಬಂದದ್ದು ಕಲ್ಲು. ಕೆ-ರೈಲ್ ಎಂದು ಬರೆದ ಹಳದಿ ಕಲ್ಲುಗಳನ್ನು ಪೊಲೀಸರ ಕಾವಲಿನಲ್ಲಿ ಜನರ ಅಂಗಳ, ತೋಟ, ಕೆಲವೆಡೆ ಅಡುಗೆಮನೆಯ ಬಾಗಿಲ ಮುಂದೆಯೇ ಹುಗಿದರು. ಇದು ಸಾಮಾಜಿಕ ಪರಿಣಾಮದ ಅಧ್ಯಯನಕ್ಕಷ್ಟೇ, ಭೂಸ್ವಾಧೀನವಲ್ಲ ಎಂದು ಸರ್ಕಾರ ಹೇಳಿತು. ಸರ್ವೆ ನಿಲ್ಲಿಸಲು ಸುಪ್ರೀಂ ಕೋರ್ಟೂ ಒಪ್ಪಲಿಲ್ಲ. ಅಂದರೆ ಕಾನೂನಿನ ಮಟ್ಟಿಗೆ ಸರ್ಕಾರದ ಮಾತು ತಪ್ಪಲ್ಲ. ಆದರೆ ಪೊಲೀಸರು ಹಿಡಿದು ನಿಂತಿರುವಾಗ ಅಂಗಳದಲ್ಲಿ ಬೀಳುವ ಕಲ್ಲನ್ನು ಅಧ್ಯಯನ ಎಂದು ಯಾರು ಓದುತ್ತಾರೆ? 2022ರ ಮಾರ್ಚ್ 17ರಂದು ಕೋಟ್ಟಯಂ ಜಿಲ್ಲೆಯ ಮಾಡಪ್ಪಳ್ಳಿಯಲ್ಲಿ ಅಡ್ಡ ನಿಂತ ಹೆಂಗಸರನ್ನು ಪೊಲೀಸರು ರಸ್ತೆಯಲ್ಲಿ ಎಳೆದೊಯ್ದ ದೃಶ್ಯ ಟಿವಿಯಲ್ಲಿ ಎಲ್ಲರೂ ನೋಡಿದರು. ಮರುದಿನದಿಂದ ಜನ ಕಲ್ಲು ಕಿತ್ತು ತೋಡಿಗೆ ಎಸೆಯತೊಡಗಿದರು.

ನಮ್ಮ ಮನೆಯೊಡತಿ ಅಮ್ಮಚ್ಚಿ ಆಗ ದಿನಾ ಸಂಜೆ ಕೆಳಗಿನ ವರಾಂಡದಲ್ಲಿ ಪೇಪರು ಹಿಡಿದು ಕೂರುತ್ತಿದ್ದರು. ಅವರ ಜಾಗ ನಕ್ಷೆಯ ಒಳಗೋ ಹೊರಗೋ ಎಂದು ಯಾರೂ ಖಚಿತವಾಗಿ ಹೇಳಲಿಲ್ಲ. 'ಮೋಳೇ, ಎರಡು ಪಟ್ಟು ಕೊಡ್ತಾರಂತೆ, ನಾಲ್ಕು ಪಟ್ಟು ಕೊಡ್ತಾರಂತೆ. ಮೂಲಂಪಿಳ್ಳಿಯವರಿಗೂ ಕೊಡ್ತೀವಿ ಅಂದಿದ್ದರಲ್ಲ, ಅವರು ತುತಿಯೂರಿನಲ್ಲೇ ಇದ್ದಾರೆ, ಹೋಗಿ ಕೇಳು,' ಎನ್ನುತ್ತಿದ್ದರು. ನಾವು ಅವತ್ತು ತುತಿಯೂರಿಗೆ ಹೋದದ್ದು ನಿಜಕ್ಕೂ ಅಮ್ಮಚ್ಚಿಯ ಈ ಮಾತಿನಿಂದಲೇ.

ಅದೇ ಹೊತ್ತಿಗೆ ಶಾಸಕ ಪಿ.ಟಿ. ಥಾಮಸ್ ತೀರಿಕೊಂಡಿದ್ದರಿಂದ ತೃಕ್ಕಾಕ್ಕರ ಕ್ಷೇತ್ರಕ್ಕೆ ಉಪಚುನಾವಣೆ ಬಂತು. ಕಾಕ್ಕನಾಡ್ ಈ ಕ್ಷೇತ್ರದೊಳಗೇ ಬರುತ್ತದೆ. ಮುಖ್ಯಮಂತ್ರಿ ಪಿಣರಾಯಿ ವಿಜಯನ್, ಮಂತ್ರಿಗಳು, ಶಾಸಕರು ಎಲ್ಲ ಇಲ್ಲಿನ ಗಲ್ಲಿಗಳಲ್ಲಿ ಓಡಾಡಿದರು. 99 ಸ್ಥಾನ ಇದ್ದ ಎಡರಂಗಕ್ಕೆ ನೂರು ಮಾಡಿಕೊಳ್ಳುವ ಹಟ. ಮತದಾನಕ್ಕೆ ಎರಡು ವಾರ ಇರುವಾಗ ಕಲ್ಲು ಹಾಕುವುದು ನಿಂತಿತು. ಇನ್ನು ಜಿಪಿಎಸ್ ಸಾಕು ಎಂದು ಆದೇಶ ಬಂತು. ಆ ಆದೇಶ ಓದಿ ನಮ್ಮ ಬೀದಿಯಲ್ಲಿ ಎಲ್ಲರಿಗೂ ಬಂದ ಪ್ರಶ್ನೆ ಒಂದೇ: ಜಿಪಿಎಸ್ ಸಾಕಾಗಿದ್ದರೆ ಮಾಡಪ್ಪಳ್ಳಿ ಯಾಕೆ ಬೇಕಿತ್ತು? ಮೇ 31ರಂದು ಮತದಾನ. ಥಾಮಸರ ಪತ್ನಿ, ಕಾಂಗ್ರೆಸ್ಸಿನ ಉಮಾ ಥಾಮಸ್ 25,016 ಮತಗಳಿಂದ ಗೆದ್ದರು. ಅನುಕಂಪದ ಮತ ಎಷ್ಟು, ರೈಲಿನ ವಿರುದ್ಧದ ಮತ ಎಷ್ಟು ಎಂದು ಬಿಡಿಸುವುದು ಕಷ್ಟ. ತೃಕ್ಕಾಕ್ಕರ ಹೇಗೂ ಕಾಂಗ್ರೆಸ್ಸಿನ ಭದ್ರ ನೆಲೆ. ಆದರೂ ಐಟಿ ಪಾರ್ಕಿನ ಸುತ್ತಮುತ್ತಲಿನ, ಅಭಿವೃದ್ಧಿಯಿಂದಲೇ ಬೆಳೆದ ಊರು ಹೀಗೆ ಮತ ಹಾಕಿತಲ್ಲ ಎಂದು ಚಾನೆಲ್ಲಿನವರು ಅಚ್ಚರಿಪಟ್ಟರು. ಇಲ್ಲಿ ಬಾಡಿಗೆಗಿರುವ ನಮಗೆ ಮತವಿಲ್ಲ, ನೆಲವಿರುವ ಅಮ್ಮಚ್ಚಿಯಂಥವರಿಗಿದೆ. ಈ ವ್ಯತ್ಯಾಸ ಚಾನೆಲ್ಲಿನವರಿಗೆ ಹೊಳೆದಂತೆ ಕಾಣಲಿಲ್ಲ.

ಪೊಲೀಸರ ವಿಷಯಕ್ಕೆ ಬಂದರೆ ಕನ್ನಡದವರಾದ ನಮಗೆ ಕೊಚ್ಚಿಯಲ್ಲಿ ಒಂದು ಇರಿಸುಮುರಿಸಿನ ನೆನಪಿದೆ. 2017ರ ಜೂನ್ 16. ಮರುದಿನ ಪ್ರಧಾನಿ ನರೇಂದ್ರ ಮೋದಿ ಕೊಚ್ಚಿ ಮೆಟ್ರೋ ಉದ್ಘಾಟನೆಗೆ ಬರುವವರಿದ್ದರು. ವೈಪಿನ್ ದ್ವೀಪದ ಪುದುವೈಪ್ಪಿನಲ್ಲಿ ಇಂಡಿಯನ್ ಆಯಿಲ್‌ನ ಎಲ್‌ಪಿಜಿ ಟರ್ಮಿನಲ್ ಬೇಡ ಎಂದು ತಿಂಗಳುಗಟ್ಟಲೆ ಧರಣಿ ಕೂತಿದ್ದ ಜನ, ಹೆಂಗಸರು ಮಕ್ಕಳ ಸಮೇತ, ಹೈಕೋರ್ಟ್ ಜಂಕ್ಷನ್ನಿಗೆ ಬಂದರು. ಲಾಠಿ ಬೀಸಿದರು. ಮುಂದೆ ನಿಂತಿದ್ದವರು ಆಗಿನ ಡಿಸಿಪಿ ಯತೀಶ್ ಚಂದ್ರ, ನಮ್ಮ ದಾವಣಗೆರೆಯವರು. ಪ್ರಧಾನಿಯ ಭದ್ರತೆಗಾಗಿ ಅನಿವಾರ್ಯವಾಯಿತು ಎಂಬುದು ಅವರ ಸಮರ್ಥನೆ. ಪೊಲೀಸ್ ಮುಖ್ಯಸ್ಥರೂ ಅವರ ಬೆನ್ನಿಗೆ ನಿಂತರು. ಆದರೆ ಮಾನವ ಹಕ್ಕುಗಳ ಆಯೋಗದ ವಿಚಾರಣೆಯಲ್ಲಿ, ನಮ್ಮನ್ನು ಹೊಡೆದವರು ಇವರೇ ಎಂದು ಒಬ್ಬ ಪುಟ್ಟ ಹುಡುಗ ಅಧಿಕಾರಿಯ ಎದುರೇ ಕೈ ತೋರಿಸಿದ ವಿಡಿಯೋ ಕೇರಳದ ಮನೆಮನೆಗೆ ಹೋಯಿತು. ಮುಂದೆ ಶಬರಿಮಲೆಯ ಹೊತ್ತಿನಲ್ಲಿ ಇದೇ ಅಧಿಕಾರಿಯನ್ನು ಮೆಚ್ಚಿಕೊಂಡವರೂ ಇದ್ದರು, ತೆಗಳಿದವರೂ ಇದ್ದರು. ನಮ್ಮ ಕನ್ನಡದ ಗುಂಪುಗಳಲ್ಲಿ 'ನಮ್ಮೂರ ಸಿಂಗಂ' ಎಂಬ ಫಾರ್ವರ್ಡು ಓಡಾಡುತ್ತಿದ್ದಾಗ, ಅದೇ ಆಫೀಸಿನ ವೈಪಿನ್ ಹುಡುಗಿಯ ಎದುರು ಕೂತು ಮಧ್ಯಾಹ್ನದ ಊಟ ಮಾಡುವುದು ಸುಲಭವಿರಲಿಲ್ಲ. ಅವಳ ಚಿಕ್ಕಮ್ಮ ಆ ಧರಣಿಯಲ್ಲಿದ್ದವರು. 2019ರ ಡಿಸೆಂಬರಿನಲ್ಲಿ ನಿಷೇಧಾಜ್ಞೆ ಹಾಕಿ, ಪೊಲೀಸ್ ಕಾವಲಿನಲ್ಲಿ ಟರ್ಮಿನಲ್ಲಿನ ಕೆಲಸ ಮತ್ತೆ ಶುರುವಾಯಿತು.

ಪೊಲೀಸರ ಕಡೆಯ ಮಾತೂ ಕೇಳಿದ್ದೇನೆ. ನಮ್ಮ ಓಣಿಯಲ್ಲಿ ನಿವೃತ್ತರಾದ ಒಬ್ಬ ಪೊಲೀಸ್ ಚೇಟ್ಟ ಇದ್ದಾರೆ, ಚೆಂಗನ್ನೂರಿನವರು. 'ತಂಗಿಯ ಅಂಗಳದಲ್ಲೂ ಕಲ್ಲು ಬಿತ್ತು. ಅಲ್ಲಿ ಡ್ಯೂಟಿಗೆ ನಿಂತದ್ದು ನನ್ನ ಜೊತೆ ಕೆಲಸ ಮಾಡಿದ ಹುಡುಗರು. ಯಾರಿಗೆ ಬೈಯಲಿ?' ಎಂದರು. ಸ್ವಲ್ಪ ಹೊತ್ತು ಬಿಟ್ಟು, 'ಕಂದಾಯದವರು ಆರು ತಿಂಗಳು ಮನೆಮನೆಗೆ ಹೋಗಿ ಮಾತಾಡಬೇಕಾದ ಕೆಲಸವನ್ನು ನಮಗೆ ಅರ್ಧ ದಿನದಲ್ಲಿ ಮುಗಿಸು ಅಂತಾರೆ,' ಎಂದರು. ನಾನು ಇಷ್ಟು ಜನರಿಂದ ಕೇಳಿದ ಮಾತುಗಳಲ್ಲಿ ನನಗೆ ಅತ್ಯಂತ ಸರಿ ಅನಿಸಿದ್ದು ಇದು.

ಯಾಕೆಂದರೆ ಹೀಗಲ್ಲದೆಯೂ ಕೆಲಸ ಆಗಿದೆ, ಇದೇ ರಾಜ್ಯದಲ್ಲಿ. ನನ್ನ ಗೆಳತಿಯ ಕಾಸರಗೋಡು ಕಡೆ ರಾಷ್ಟ್ರೀಯ ಹೆದ್ದಾರಿ 66 ಅಗಲವಾಯಿತು. ತಲಪಾಡಿಯಿಂದ ದಕ್ಷಿಣಕ್ಕೆ ಉಪ್ಪಳ, ಕುಂಬಳೆ ಉದ್ದಕ್ಕೂ ಅಂಗಡಿ, ಮನೆ, ಅಂಗಳ ಹೋದವು. ಮೊದಲು ಅಲ್ಲೂ ವಿರೋಧವಿತ್ತು. ಆದರೆ 1894ರ ಹಳೇ ಕಾಯ್ದೆಯ ಕಾಲ ಹೋಗಿ 2013ರ ಭೂಸ್ವಾಧೀನ ಕಾಯ್ದೆ ಬಂದಿತ್ತು. ಪರಿಹಾರದ ಲೆಕ್ಕ ನಗರದಲ್ಲಿ ಮಾರುಕಟ್ಟೆ ಬೆಲೆಯ ಎರಡು ಪಟ್ಟು, ಹಳ್ಳಿಯಲ್ಲಿ ನಾಲ್ಕು ಪಟ್ಟಿನ ತನಕ. ಭೂಮಿಯ ಖರ್ಚಿನಲ್ಲಿ ಕಾಲು ಭಾಗ ಕೇರಳ ಸರ್ಕಾರವೇ ಹಾಕಿತು. ಅವಳ ಮಾವನ ಖಾತೆಗೆ ದುಡ್ಡು ಬಿದ್ದ ಮೇಲೆ ಜೆಸಿಬಿ ಬಂತು. 'ಮಾವ ಎದುರು ನಿಂತು ಹಲಸಿನ ಮರ ಕಡಿಸಿದ್ದು ಮಾರಾಯ್ತಿ. ಬೇಸರ ಆಗಿದೆ, ಆದರೆ ಮೋಸ ಆಗಿದೆ ಅಂತ ಯಾವತ್ತೂ ಹೇಳಲಿಲ್ಲ,' ಎನ್ನುತ್ತಾಳೆ. ಬಾಡಿಗೆ ಅಂಗಡಿಯವರ ಕಥೆ ಅಲ್ಲೂ ಬೇರೆಯೇ. ಮಾಲೀಕನಿಗೆ ಬಂದದ್ದರ ಚೂರುಪಾರು ಅವರಿಗೆ.

ದುಡ್ಡಿರುವವರ ಮನೆ ಕೆಡವುವಾಗ ವ್ಯವಸ್ಥೆ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನೂ ಕೊಚ್ಚಿ ನೋಡಿದೆ. ಕರಾವಳಿ ನಿಯಮ ಮೀರಿ ಕಟ್ಟಿದ್ದಾರೆಂದು ಮರಡಿನ ಬಹುಮಹಡಿಗಳನ್ನು ಕೆಡವಲು 2019ರ ಮೇಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2020ರ ಜನವರಿ 11 ಮತ್ತು 12ರಂದು ಸ್ಫೋಟಕ ಇಟ್ಟು ಉರುಳಿಸಿದರು. ನಾವೆಲ್ಲ ಮೊಬೈಲಿನಲ್ಲಿ ನೇರ ಪ್ರಸಾರ ನೋಡಿದೆವು. ಅದಕ್ಕೆ ಮೊದಲು ಫ್ಲ್ಯಾಟಿನವರಿಗೆ 25 ಲಕ್ಷದವರೆಗೆ ಮಧ್ಯಂತರ ಪರಿಹಾರ, ಸಾಮಾನು ಸಾಗಿಸಲು ಕಾಲಾವಕಾಶ, ಅಕ್ಕಪಕ್ಕದ ಮನೆಗಳಿಗೆ ವಿಮೆ. ಆ ಫ್ಲ್ಯಾಟಿನವರ ನಷ್ಟವೂ ನಿಜ. ಜೀವಮಾನದ ಉಳಿತಾಯ ಹಾಕಿದ್ದ ನಿವೃತ್ತರು ಅಲ್ಲೂ ಇದ್ದರು. ಅಂಥ ತಯಾರಿಯ ನಾಲ್ಕಾಣೆಯಷ್ಟು 2008ರಲ್ಲಿ ಮೂಲಂಪಿಳ್ಳಿಗೆ ಸಿಕ್ಕಿದ್ದರೆ ತುತಿಯೂರಿನಲ್ಲಿ ಇವತ್ತು ಹುಲ್ಲು ಬೆಳೆಯುತ್ತಿರಲಿಲ್ಲ.

ಈಗ ಕಾಕ್ಕನಾಡಿಗೆ ಮೆಟ್ರೋ ಬರುತ್ತಿದೆ. ಕಲೂರಿನ ಸ್ಟೇಡಿಯಮ್ಮಿನಿಂದ ಇನ್ಫೋಪಾರ್ಕಿಗೆ 11.2 ಕಿಲೋಮೀಟರ್. ಚೆಂಬುಮುಕ್ಕು, ವಾಳಕ್ಕಾಲ, ಪಡಮುಗಳ್ ಉದ್ದಕ್ಕೂ ರಸ್ತೆ ಅಗೆದಿದ್ದಾರೆ, ಅಂಗಡಿಗಳ ಮುಂಭಾಗ ಹಿಂದಕ್ಕೆ ಸರಿದಿದೆ. ನನಗಂತೂ ಈ ಮೆಟ್ರೋ ಬೇಕು. ಬೇಡ ಅಂದವರು ನಮ್ಮ ಓಣಿಯಲ್ಲೂ ಇಲ್ಲ. ವಾಳಕ್ಕಾಲದಲ್ಲಿ ನಾನು ಇಳಿದು ಕಟ್ಟನ್ ಚಾಯ ಕುಡಿಯುವ ಅಂಗಡಿಯ ಚೇಟ್ಟನಿಗೂ ಬೇಕು. ಆದರೆ ಅವರ ಅಂಗಡಿ ಬಾಡಿಗೆಯದು, ಕರಾರು ಬಾಯಿಮಾತಿನದು. ಹತ್ತಾರು ವರ್ಷದಿಂದ ಇಲ್ಲೇ ಇದ್ದೆ ಎನ್ನುವುದಕ್ಕೆ ಅವರ ಹತ್ತಿರ ಇರುವುದು ಕರೆಂಟ್ ಬಿಲ್ಲುಗಳ ಒಂದು ಕಟ್ಟು, ಅದೂ ಮಾಲೀಕನ ಹೆಸರಿನಲ್ಲಿ.

ಅಮ್ಮಚ್ಚಿಯ ಜಾಗಕ್ಕೆ ಕಲ್ಲು ಬರಲಿಲ್ಲ. ಆದರೂ ಕಳೆದ ವಾರ ಕರೆದು, ಆಧಾರ (ಜಾಗದ ಕ್ರಯಪತ್ರಕ್ಕೆ ಇಲ್ಲಿ ಹಾಗನ್ನುತ್ತಾರೆ), ಕಂದಾಯದ ರಸೀದಿ, ಹಳೇ ನಕ್ಷೆ ಎಲ್ಲ ಮೇಜಿನ ಮೇಲಿಟ್ಟರು. ಗೆದ್ದಲು ಹಿಡಿದರೆ ಕಷ್ಟ, ಫೋನಿನಲ್ಲಿ ಫೋಟೋ ತೆಗೆದಿಡು ಮೋಳೇ ಎಂದರು. ಒಟ್ಟು ಹದಿನಾಲ್ಕು ಪುಟ. ಒಂದು ಪ್ರತಿ ದುಬೈಯಲ್ಲಿರುವ ಮಗನಿಗೆ ಕಳಿಸಿದೆ. ಇನ್ನೊಂದು ನನ್ನ ಫೋನಿನಲ್ಲೇ ಇರಲಿ ಅಂದರು.